ಮಳೆ ರಜೆಯಿಂದ ಸಂವಿಧಾನದವರೆಗೆ: 6ರಿಂದ 8ನೇ ತರಗತಿ ಮಕ್ಕಳಿಗೆ ಸರ್ಕಾರ, ಕಾನೂನು ಕಲಿಸುವ ಬಗೆ

ಜುಲೈ ತಿಂಗಳಲ್ಲಿ ಬೆಳಗ್ಗೆ ಆರೂವರೆಗೆ ಕೊಡಗಿನ ಯಾವ ಮನೆಗೆ ಹೋದರೂ ಮಕ್ಕಳದ್ದು ಒಂದೇ ಪ್ರಶ್ನೆ. “ಡಿಸಿ ರಜೆ ಕೊಟ್ರಾ?”

ಇದೇ ಮಕ್ಕಳು ಶಾಲೆಯಲ್ಲಿ ದಿನಾ ಸಂವಿಧಾನದ ಪೀಠಿಕೆ ಓದುತ್ತಾರೆ. 2023ರಲ್ಲಿ ಸರ್ಕಾರ ಅದನ್ನು ಶಾಲೆಗಳಲ್ಲಿ ಓದಿಸಬೇಕು ಎಂದು ತೀರ್ಮಾನಿಸಿದ ಮೇಲೆ ಎಲ್ಲರಿಗೂ ಬಾಯಿಪಾಠ. ಆದರೆ “ರಜೆ ಕೊಡುವ ಅಧಿಕಾರವನ್ನು ಡಿಸಿಗೆ ಕೊಟ್ಟವರು ಯಾರು?” ಅಂತ ಕೇಳಿ ನೋಡಿ. ನಾನು ಏಳನೇ ತರಗತಿಯಲ್ಲಿ ಮೊದಲ ಸಲ ಕೇಳಿದಾಗ “ಟಿವಿಯವರು”, “ಮುಖ್ಯಮಂತ್ರಿ”, “ಮಳೆ” ಎಲ್ಲ ಬಂತು. ಒಬ್ಬ ಹುಡುಗ ಎದ್ದು ನಿಂತು, “ಯಾರೂ ಕೊಟ್ಟಿಲ್ಲ ಮಿಸ್, ಅವರೇ ತಗೊಂಡಿದ್ದಾರೆ” ಎಂದ.

ಅವನ ಉತ್ತರ ಕೇಳಿದ ಮೇಲೆ ನಾನು ಪಾಠ ಮಾಡುವ ಕ್ರಮವನ್ನೇ ಬದಲಾಯಿಸಿದೆ. ಸಂವಿಧಾನ ಇರುವ ದೇಶದಲ್ಲಿ ಅಧಿಕಾರವನ್ನು ಯಾರೂ ತಾವಾಗಿ ತಗೊಳ್ಳುವ ಹಾಗಿಲ್ಲ. ಯಾರೋ ಕೊಟ್ಟಿರಬೇಕು, ಬರೆದು ಕೊಟ್ಟಿರಬೇಕು, ಇಷ್ಟೇ ಎಂದು ಅಳೆದು ಕೊಟ್ಟಿರಬೇಕು. ಇದೊಂದು ತಲೆಗೆ ಹತ್ತಿದರೆ ಸಂಸತ್ತು, ನ್ಯಾಯಾಲಯ, ಪಂಚಾಯ್ತಿ ಎಲ್ಲ ತಾವಾಗಿ ಜಾಗಕ್ಕೆ ಕೂರುತ್ತವೆ. ಪಠ್ಯಪುಸ್ತಕದ ಕ್ರಮದಲ್ಲಿ ರಾಷ್ಟ್ರಪತಿಯಿಂದ ಶುರು ಮಾಡಿ ಕೆಳಗಿಳಿದರೆ ಪಂಚಾಯ್ತಿಗೆ ಬರುವಷ್ಟರಲ್ಲಿ ಅರ್ಧ ಕ್ಲಾಸ್ ನಿದ್ದೆ ಹೊಡೆಯುತ್ತಿರುತ್ತದೆ. ಕೆಳಗಿನಿಂದ ಹತ್ತೋಣ.

ಒಟ್ಟು ಹದಿನಾಲ್ಕು ಪೀರಿಯಡ್ ಬೇಕು. ವಾರಕ್ಕೆ ಒಂದೋ ಎರಡೋ ಸಾಕು, ಅವಸರ ಬೇಡ.

ಶುರು ಮಾಡುವ ಮೊದಲು

ಸಂವಿಧಾನದ ಕನ್ನಡ ಪುಸ್ತಕ ಒಂದು ಪ್ರತಿ ಕ್ಲಾಸಿನಲ್ಲೇ ಇರಲಿ. ಮಕ್ಕಳು ಮುಟ್ಟಿ, ಪುಟ ತಿರುವಿ ನೋಡಬೇಕು. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಪ್ರಯೋಜನ ಇಲ್ಲ. ಇತ್ತೀಚಿನ ಒಂದು ಮಳೆ ರಜೆ ಆದೇಶವನ್ನು ಪ್ರಿಂಟ್ ಮಾಡಿಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದಿರುತ್ತದೆ, ಅದೇ ಸಾಕು.

ಮಕ್ಕಳಿಗೆ ಮನೆಯಿಂದ ಒಂದೊಂದು ಸರ್ಕಾರಿ ಕಾಗದದ ಜೆರಾಕ್ಸ್ ತರಲು ಹೇಳಿ. ಪಹಣಿ, ಕರೆಂಟ್ ಬಿಲ್, ಬಸ್ ಪಾಸ್, ಜಾತಿ ಪ್ರಮಾಣಪತ್ರ, ಯಾವುದಾದರೂ ಸರಿ. ಆಧಾರ್ ಬೇಡ. ಜೆರಾಕ್ಸ್ ಅನ್ನುವುದನ್ನು ಎರಡು ಸಲ ಹೇಳಿ. ಒಂದು ವರ್ಷ ಒಬ್ಬ ಅಸಲು ರೇಷನ್ ಕಾರ್ಡನ್ನೇ ಜೇಬಿನಲ್ಲಿಟ್ಟುಕೊಂಡು ಮಳೆಯಲ್ಲಿ ನಡೆದು ಬಂದಿದ್ದ. ಅದನ್ನು ಬಿಸಿಯೂಟದ ಒಲೆ ಹತ್ತಿರ ಒಣಗಿಸಿ ಅವರ ಅಮ್ಮನಿಗೆ ಕೊಟ್ಟು ಬರುವಷ್ಟರಲ್ಲಿ ನನಗೇ ಬೆವರು ಬಂದಿತ್ತು.

ಹಂತ 1: ರಜೆಯ ಏಣಿ (2 ಪೀರಿಯಡ್)

ಬೋರ್ಡಿನ ಕೆಳತುದಿಯಲ್ಲಿ “ನಾಳೆ ಶಾಲೆ ಇಲ್ಲ” ಎಂದು ಬರೆಯಿರಿ. ಅದರ ಮೇಲಿನ ಮೆಟ್ಟಿಲಿನಲ್ಲಿ “ಜಿಲ್ಲಾಧಿಕಾರಿಯ ಆದೇಶ”. ಈಗ ಆದೇಶದ ಪ್ರಿಂಟ್ ಕೊಟ್ಟು, ಅದರಲ್ಲಿ ಯಾವುದಾದರೂ ಕಾನೂನಿನ ಹೆಸರು ಇದೆಯಾ ಹುಡುಕಲು ಹೇಳಿ. ಸಾಮಾನ್ಯವಾಗಿ ವಿಪತ್ತು ನಿರ್ವಹಣಾ ಕಾಯ್ದೆ, 2005 ಎಂದಿರುತ್ತದೆ. ಆ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಜನರ ಜೀವ ಉಳಿಸಲು ಬೇಕಾದ ಕ್ರಮ ತಗೊಳ್ಳುವ ಅಧಿಕಾರ ಅಲ್ಲಿಂದ ಬಂತು.

ಕಾಯ್ದೆ ಮಾಡಿದವರು ಯಾರು? ಸಂಸತ್ತು. ಸಂಸತ್ತಿಗೆ ಕಾಯ್ದೆ ಮಾಡಲು ಹೇಳಿದ್ದು ಯಾರು? ಸಂವಿಧಾನ. ಅದನ್ನು ಮಾಡಿಕೊಂಡವರು ಯಾರು? ಇಲ್ಲಿ ಸುಮ್ಮನೆ ನಿಂತು ಕಾಯಿರಿ. ದಿನಾ ಬೆಳಗ್ಗೆ ಹೇಳುವ ಸಾಲು ಯಾರದ್ದಾದರೂ ಬಾಯಿಗೆ ಬಂದೇ ಬರುತ್ತದೆ. “ಭಾರತದ ಜನತೆಯಾದ ನಾವು.” ನಮ್ಮ ಕ್ಲಾಸಿನಲ್ಲಿ ಒಬ್ಬಳು, “ಹಾಗಾದ್ರೆ ನಮಗೆ ನಾವೇ ರಜೆ ಕೊಟ್ಟ ಹಾಗಾಯ್ತಲ್ಲ ಮಿಸ್, ಮತ್ತೆ ಶನಿವಾರ ಮಧ್ಯಾಹ್ನ ಯಾಕೆ ಕ್ಲಾಸ್ ಇಡ್ತೀರಾ?” ಎಂದಳು. ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಎರಡನೇ ಪೀರಿಯಡ್‌ನಲ್ಲಿ ಏಣಿಯನ್ನು ಮೇಲಿನಿಂದ ಕೆಳಗೆ ಇಳಿಸಿ. ಬಿಸಿಲಿರುವ ದಿನ, ತಮ್ಮ ನೆಂಟರ ಮನೆ ಮದುವೆ ಇದೆ ಎಂದು ಜಿಲ್ಲಾಧಿಕಾರಿ ಇದೇ ಕಾಯ್ದೆ ಹೇಳಿ ರಜೆ ಕೊಡಬಹುದಾ? ಕೊಡುವ ಹಾಗಿಲ್ಲ. ವಿಪತ್ತಿಗೆ ಅಂತ ಕೊಟ್ಟ ಅಧಿಕಾರ ಮದುವೆಗೆ ಬರುವುದಿಲ್ಲ. ಆಮೇಲೆ ಮಕ್ಕಳು ತಮ್ಮ ತಮ್ಮ ಜೆರಾಕ್ಸ್ ಹಿಡಿದು ಅದಕ್ಕೂ ಏಣಿ ಹಾಕಲಿ. ಎಲ್ಲ ಮೆಟ್ಟಿಲೂ ನಿಮಗೆ ಗೊತ್ತಿರಬೇಕಿಲ್ಲ. “ನಾಳೆ ಹುಡುಕೋಣ” ಅನ್ನಿ, ಹುಡುಕಿ.

ಒಂದು ಎಚ್ಚರಿಕೆ. ವಿಪತ್ತಿನ ಮಾತು ಬಂದರೆ 2018ರ ಆಗಸ್ಟ್ ಬರುತ್ತದೆ. ಗುಡ್ಡ ಕುಸಿದು ಮನೆ ಕಳೆದುಕೊಂಡ ಕುಟುಂಬದ ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಇರಬಹುದು. ಅವರಾಗಿ ಹೇಳಿದರೆ ಕೇಳಿ, ಕೆದಕಬೇಡಿ.

ಹಂತ 2: ಕೊಡೆ ಕಾನೂನು (4 ಪೀರಿಯಡ್)

ಇಡೀ ಪಾಠದಲ್ಲಿ ನನಗೆ ಇಷ್ಟವಾದ ಭಾಗ ಇದು. ಮಳೆಗಾಲದಲ್ಲಿ ನಮ್ಮ ಕ್ಲಾಸಿನ ದೊಡ್ಡ ಜಗಳ ಕೊಡೆಯದು. ಎಲ್ಲರದ್ದೂ ಕಪ್ಪು ಕೊಡೆ. ಒಳಗೆ ತಂದರೆ ನೆಲವೆಲ್ಲ ನೀರು, ಹೊರಗಿಟ್ಟರೆ ಅದಲುಬದಲು. ಇದಕ್ಕೊಂದು ಕಾನೂನು ಮಾಡಿ ಎಂದು ಮಕ್ಕಳಿಗೇ ಬಿಡಿ.

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳುತ್ತೇನೆ. ನಿಯಮ ಬರೆಯುವುದು, ದಂಡ ವಸೂಲಿ, ತಕರಾರು ಕೇಳುವುದು ಮೂರನ್ನೂ ಕ್ಲಾಸ್ ಲೀಡರ್‌ಗೆ ವಹಿಸಿದೆ. ದಂಡ 5 ರೂಪಾಯಿ. ಮೂರನೇ ವಾರ ಒಬ್ಬರು ಅಪ್ಪ ಶಾಲೆಗೆ ಬಂದರು. ಮಗಳು ಮೂರು ಸಲ ದಂಡ ಕಟ್ಟಿದ್ದಾಳೆ, ಲೀಡರಿನ ಗೆಳೆಯರು ಒಂದು ಸಲವೂ ಕಟ್ಟಿಲ್ಲ. ದಂಡದ ನೋಟ್‌ಬುಕ್ ತೆಗೆದು ನೋಡಿದರೆ ಅವರು ಹೇಳಿದ್ದು ನಿಜ. ದುಡ್ಡು ವಾಪಸ್ ಕೊಡಿಸಿ ಕ್ಷಮೆ ಕೇಳಿದೆ. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಈಗ ಪ್ರತಿ ವರ್ಷ ಹೆಸರುಗಳನ್ನು ಮುಚ್ಚಿ ಅದರ ಒಂದು ಪುಟವನ್ನು ಕ್ಲಾಸಿಗೆ ತೋರಿಸುತ್ತೇನೆ. “ಇಲ್ಲಿ ಏನೋ ಸರಿ ಇಲ್ಲ, ಏನದು?” ಅಷ್ಟೇ ಕೇಳುವುದು. ಮೂರು ಕೆಲಸ ಒಬ್ಬನ ಕೈಯಲ್ಲಿ ಇದೆ ಎಂದು ಮಕ್ಕಳೇ ಹೇಳುತ್ತಾರೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅನ್ನುವ ಪದಗಳನ್ನು ಅದಾದ ಮೇಲೆ ಬೋರ್ಡಿನಲ್ಲಿ ಬರೆಯಿರಿ, ಮೊದಲೇ ಬೇಡ.

ಈಗ ಸರಿಯಾಗಿ ಶುರು ಮಾಡಿ. ಇಡೀ ಕ್ಲಾಸ್ ವಿಧಾನಸಭೆ. ಒಬ್ಬರು ಸಭಾಧ್ಯಕ್ಷರು. ಇಬ್ಬರು ಮಸೂದೆ ಬರೆದು ತರುತ್ತಾರೆ. ನಿಜವಾದ ಸದನದಲ್ಲಿ ಇರುವ ಹಾಗೆ ಮೂರು ಓದು: ಮೊದಲು ಮಂಡನೆ, ಆಮೇಲೆ ಒಂದೊಂದೇ ಸಾಲಿನ ಮೇಲೆ ಚರ್ಚೆ ಮತ್ತು ತಿದ್ದುಪಡಿ, ಕೊನೆಗೆ ಮತ. ಎರಡನೇ ಓದಿನಲ್ಲಿ ಗಲಾಟೆ ಆಗಬೇಕು. ಆಗದಿದ್ದರೆ ನೀವೇ ಕಡ್ಡಿ ಆಡಿಸಿ: “ಕೊಡೆ ಅಂದರೆ ಏನು? ರೈನ್‌ಕೋಟ್ ಸೇರುತ್ತಾ? ಪ್ಲಾಸ್ಟಿಕ್ ಕೊಪ್ಪೆ?” ಕಾಯ್ದೆಗಳ ಶುರುವಿನಲ್ಲಿ ಯಾಕೆ ಅಷ್ಟುದ್ದ ವ್ಯಾಖ್ಯೆಗಳಿರುತ್ತವೆ ಎಂದು ಮಕ್ಕಳಿಗೆ ಆಗ ಗೊತ್ತಾಗುತ್ತದೆ.

ಜಾರಿ ಮಾಡಲು ಮೂವರು. ಅವರು ಕಾನೂನಿಗೆ ಹೊಸದೇನೂ ಸೇರಿಸುವ ಹಾಗಿಲ್ಲ. ಕೊಡೆಗೆ ನಂಬರ್ ಚೀಟಿ ಕಟ್ಟುವುದು, ಹಗ್ಗ ಎಲ್ಲಿ ಕಟ್ಟಬೇಕು, ಇಂಥ ವಿವರ ಮಾತ್ರ ಅವರದ್ದು. ದಂಡ ದುಡ್ಡಿನಲ್ಲಿ ಬೇಡವೇ ಬೇಡ, ಬೋರ್ಡ್ ಒರೆಸುವ ಕೆಲಸ ಕೊಡಿ.

ನ್ಯಾಯಾಲಯಕ್ಕೆ ಇನ್ನೂ ಮೂವರು, ಚೀಟಿ ಎತ್ತಿ. ಒಂದು ತಿಂಗಳು ಅವರನ್ನು ಯಾರೂ ತೆಗೆಯುವ ಹಾಗಿಲ್ಲ, ಟೀಚರ್ ಕೂಡ. ತೀರ್ಪು ಇಷ್ಟವಾಗದಿದ್ದರೂ ನೀವು ತೆಪ್ಪಗಿರಬೇಕು. ಇದು ಕಷ್ಟ, ನನಗೆ ಗೊತ್ತು. ಎರಡೂ ಕಡೆ ಕೇಳಬೇಕು, ಕಾರಣವನ್ನು ಎರಡು ಸಾಲಿನಲ್ಲಿ ಬರೆಯಬೇಕು ಎಂಬ ಎರಡೇ ಷರತ್ತು ಅವರಿಗೆ.

ಒಂದು ಪ್ರಕರಣ ಹೇಳುತ್ತೇನೆ. ದೂರದಿಂದ ನಡೆದು ಬರುವ ಹುಡುಗನೊಬ್ಬನ ಕೊಡೆಯ ಎರಡು ಕಡ್ಡಿ ಮುರಿದಿತ್ತು. ಹೊರಗೆ ಹಗ್ಗಕ್ಕೆ ನೇತು ಹಾಕಿದರೆ ಗಾಳಿಗೆ ಉಳಿದದ್ದೂ ಹೋಗುತ್ತದೆ ಎಂದು ಒಳಗೆ ತಂದು ಬಕೆಟ್‌ನಲ್ಲಿ ನಿಲ್ಲಿಸಿದ್ದ. ಜಾರಿ ಮಾಡುವವರು ಹಿಡಿದರು. ಕಾನೂನಿನಲ್ಲಿ “ಒಳಗೆ ತರಬಾರದು” ಎಂದು ಸ್ಪಷ್ಟವಾಗಿತ್ತು. ಮೂವರು ನ್ಯಾಯಾಧೀಶರು ಅರ್ಧ ಗಂಟೆ ಕೂತರು. ಇಬ್ಬರು ಬರೆದ ತೀರ್ಪು ಹೀಗಿತ್ತು: “ಕಾನೂನು ಮಾಡಿದ್ದು ನೆಲ ಒದ್ದೆ ಆಗಬಾರದು ಅಂತ. ಬಕೆಟ್‌ನಲ್ಲಿ ಇಟ್ಟಿದ್ದಾನೆ, ನೆಲ ಒದ್ದೆ ಆಗಿಲ್ಲ. ಶಿಕ್ಷೆ ಇಲ್ಲ.” ಮೂರನೆಯವಳು ಒಪ್ಪಲಿಲ್ಲ: “ಇವತ್ತು ಇವನಿಗೆ ಬಿಟ್ಟರೆ ನಾಳೆ ಎಲ್ಲರೂ ಬಕೆಟ್ ತರುತ್ತಾರೆ. ಕಾನೂನನ್ನೇ ತಿದ್ದಲಿ.” ದೊಡ್ಡ ವಕೀಲರು ವಾದ ಮಾಡುವುದೂ ಇದನ್ನೇ ಅಲ್ವಾ? ಮರುದಿನ ಸಭೆ ಸೇರಿ ಕಾನೂನಿಗೆ ಬಕೆಟ್ ತಿದ್ದುಪಡಿ ಹಾಕಿತು.

ಹಂತ 3: ಮತ ಹಾಕಿದರೂ ಆಗದ ಕೆಲಸಗಳು (2 ಪೀರಿಯಡ್)

ಈಗ ನೀವೇ ಒಂದು ಕೆಟ್ಟ ಮಸೂದೆ ತನ್ನಿ. ಕೆಂಪು ಚೀಟಿ, ಹಸಿರು ಚೀಟಿ ಹಂಚಿ. ಕೆಂಪು ಜಾಸ್ತಿ ಇರಲಿ. “ಹಸಿರಿನವರು ವಾರವಿಡೀ ಹಿಂದಿನ ಬೆಂಚು, ಆಟದ ಪೀರಿಯಡ್ ಇಲ್ಲ” ಎಂಬ ಮಸೂದೆಗೆ ಮತ ಹಾಕಿಸಿ. ಪಾಸಾಗುತ್ತದೆ, ಅನುಮಾನ ಬೇಡ. ಕ್ರಮ ತಪ್ಪಿಲ್ಲ, ಎಣಿಕೆ ತಪ್ಪಿಲ್ಲ. ಹಾಗಾದರೆ ಇದು ಸರಿಯಾ?

ಚೀಟಿಯನ್ನೇ ಬಳಸಿ ಅನ್ನಲು ಕಾರಣ ಇದೆ. ನಡೆದು ಬರುವವರು, ಬಸ್ಸಿನಲ್ಲಿ ಬರುವವರು ಎಂದು ಬೇರೆ ಮಾಡಿದರೆ ನಮ್ಮಲ್ಲಿ ಅದು ತಾನಾಗಿ ಲೈನ್ ಮನೆ (ತೋಟದ ಕೆಲಸಗಾರರ ಸಾಲುಮನೆ) ಮಕ್ಕಳು, ಹಾಡಿ (ಬುಡಕಟ್ಟು ಜನರ ವಸತಿ) ಮಕ್ಕಳು ಎಂದಾಗಿಬಿಡುತ್ತದೆ. ಆಟಕ್ಕೂ ಅದು ಬೇಡ.

ಹಸಿರು ಚೀಟಿಯವರು ಮಾತಾಡಲಿ. ಆಮೇಲೆ ಇಡೀ ಕ್ಲಾಸ್ ಸೇರಿ, ಯಾವ ಬಹುಮತವೂ ಮುಟ್ಟಬಾರದ ಐದು ಮಾತು ಬರೆದು ಬೋರ್ಡಿನ ಮೇಲೆ ಅಂಟಿಸಲಿ. ಆ ಹಾಳೆ ಇನ್ನು ಮುಂದೆ ಕೊಡೆ ಕಾನೂನಿಗಿಂತ ಮೇಲೆ. ಈಗ ಸಂವಿಧಾನದ ಪುಸ್ತಕ ತೆಗೆದು ಮೂಲಭೂತ ಹಕ್ಕುಗಳಿರುವ ಮೂರನೇ ಭಾಗ ತೋರಿಸಿ. ಮಕ್ಕಳು ಬರೆದಿದ್ದರಲ್ಲಿ ಎರಡು ಮೂರಾದರೂ ಅಲ್ಲಿ ಸಿಗುತ್ತವೆ. 14ನೇ ವಿಧಿಯ ಸಮಾನತೆ, 17ರ ಅಸ್ಪೃಶ್ಯತೆ ನಿಷೇಧ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುವ 21ಎ ಅವರದ್ದೇ ಹಕ್ಕು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳಿದ್ದರೆ 19ನೇ ವಿಧಿ ಓದಿಸಿ. ದೇಶದಲ್ಲಿ ಎಲ್ಲಿಗೆ ಬೇಕಾದರೂ ಹೋಗಿ ನೆಲೆಸುವ ಹಕ್ಕು ಅಲ್ಲಿದೆ. ಹಕ್ಕು ಕಿತ್ತುಕೊಂಡರೆ ಎಲ್ಲಿಗೆ ಹೋಗಬೇಕು? 226ರಲ್ಲಿ ಹೈಕೋರ್ಟ್, 32ರಲ್ಲಿ ನೇರ ಸುಪ್ರೀಂ ಕೋರ್ಟ್.

ಹಾಗಾದರೆ ಸಂಸತ್ತು ಸಂವಿಧಾನವನ್ನೇ ತಿದ್ದಿ ಎಲ್ಲ ಹಕ್ಕು ತೆಗೆದುಬಿಟ್ಟರೆ? ಚುರುಕು ಮಕ್ಕಳು ಕೇಳಿಯೇ ಕೇಳುತ್ತಾರೆ. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ಊರಿನ ಪ್ರಕರಣದಿಂದ. ಸಂಪಾಜೆ ಘಾಟಿ ಇಳಿದು, ಸುಳ್ಯ ದಾಟಿ ಹೋದರೆ ಕಾಸರಗೋಡು ಸೀಮೆ. ಅಲ್ಲಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಕೋರ್ಟಿಗೆ ಹೋದರು. 1973ರಲ್ಲಿ 13 ನ್ಯಾಯಾಧೀಶರು ಕೂತು, 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ ಆಗಿ ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡವುವ ಹಾಗಿಲ್ಲ. ನಾನು ಇದನ್ನು ಮನೆಗೆ ಹೋಲಿಸುತ್ತೇನೆ. ಹೆಂಚು ಬದಲಾಯಿಸಿ, ಬಣ್ಣ ಹೊಡೆಯಿರಿ, ಕೋಣೆ ಸೇರಿಸಿ, ಆದರೆ ಕಂಬಕ್ಕೆ ಕೈ ಹಾಕಬೇಡಿ.

ಹಂತ 4: ಆನೆ ಯಾರದ್ದು? (1 ಪೀರಿಯಡ್)

ಯಾವ ವಿಷಯಕ್ಕೆ ಯಾರು ಕಾನೂನು ಮಾಡಬೇಕು ಎಂದು ಸಂವಿಧಾನ ಹಂಚಿದ ಮೂರು ಪಟ್ಟಿ: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿ. ಪರೀಕ್ಷೆಗೆ ಉರು ಹೊಡೆಯುವ ಪಾಠ ಇದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ವೃತ್ತ ಬರೆಯಿರಿ. ಚೀಟಿಗಳಲ್ಲಿ ಅಂಚೆ, ಪೊಲೀಸ್, ಸೈನ್ಯ, ಆಸ್ಪತ್ರೆ, ಶಾಲೆ, ರೈಲು, ಪಂಚಾಯ್ತಿ, ಆನೆ, ಕಾವೇರಿ ನೀರು ಎಂದು ಬರೆದು ಕೊಡಿ. ಓಡಿ ಹೋಗಿ ಸರಿಯಾದ ವೃತ್ತದಲ್ಲಿ ನಿಲ್ಲಬೇಕು.

ಸೈನ್ಯಕ್ಕೆ ಯಾರೂ ತಪ್ಪುವುದಿಲ್ಲ, ಕೊಡಗಲ್ವಾ. ರೈಲು ಕೇಂದ್ರದ್ದು, ನಮ್ಮ ಜಿಲ್ಲೆಗೆ ಇನ್ನೂ ಬಂದಿಲ್ಲ ಅಷ್ಟೇ. ಆನೆ ಚೀಟಿ ಹಿಡಿದವನು ಮಾತ್ರ ಅಲ್ಲಿಂದ ಇಲ್ಲಿಗೆ ಓಡುತ್ತಿರುತ್ತಾನೆ. ಮೊದಲು ಕಾಡು, ವನ್ಯಪ್ರಾಣಿ ಎರಡೂ ರಾಜ್ಯ ಪಟ್ಟಿಯಲ್ಲಿದ್ದವು. 1976ರ 42ನೇ ತಿದ್ದುಪಡಿ ಅವನ್ನೂ ಶಿಕ್ಷಣವನ್ನೂ ಸಮವರ್ತಿ ಪಟ್ಟಿಗೆ ತಂದಿತು. ಹಾಗಾಗಿ ತೋಟಕ್ಕೆ ಆನೆ ನುಗ್ಗಿದರೆ ಓಡಿಸಲು ಬರುವುದು ರಾಜ್ಯದ ಅರಣ್ಯ ಇಲಾಖೆ, ಆನೆಗೆ ರಕ್ಷಣೆ ಕೊಡುವುದು ಸಂಸತ್ತಿನ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ತುಳಿದುಹೋದ ಕಾಫಿಯ ವ್ಯವಹಾರಕ್ಕೆ ಕೇಂದ್ರದ ಕಾಫಿ ಬೋರ್ಡ್. ಒಂದು ಆನೆ, ಎರಡು ಸರ್ಕಾರ. ಪರಿಹಾರಕ್ಕೆ ಓಡಾಡಿದ ಅಪ್ಪ ಅಮ್ಮಂದಿರ ಕಥೆಗಳು ಈ ಪೀರಿಯಡ್‌ನಲ್ಲಿ ತಾವಾಗಿ ಹೊರಬರುತ್ತವೆ, ಬರಲಿ.

ಕಾವೇರಿ ಚೀಟಿ ಎರಡು ವೃತ್ತದ ನಡುವೆ ನಿಲ್ಲಬೇಕು. ನೀರು ರಾಜ್ಯ ಪಟ್ಟಿಯಲ್ಲಿದೆ, ಆದರೆ ಹಲವು ರಾಜ್ಯಗಳಲ್ಲಿ ಹರಿಯುವ ನದಿಯ ವಿಷಯದಲ್ಲಿ ಕೇಂದ್ರಕ್ಕೆ ಕೈ ಹಾಕುವ ಅವಕಾಶ ಇದೆ. ತಲಕಾವೇರಿಯಲ್ಲಿ ಹುಟ್ಟಿದ ನೀರಿಗೆ 1990ರಲ್ಲಿ ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಇಷ್ಟು ಹೇಳಿದರೆ ಸಾಕು.

ಹಂತ 5: ಕೊಡಗು ಒಂದು ರಾಜ್ಯವಾಗಿತ್ತು (1 ಪೀರಿಯಡ್)

ಇದನ್ನು ಕೇಳಿದಾಗ ಮಕ್ಕಳ ಕಣ್ಣು ಅಗಲವಾಗುವುದನ್ನು ನೋಡಬೇಕು. 1950ರ ಸಂವಿಧಾನದಲ್ಲಿ ಕೊಡಗು ‘ಸಿ’ ಭಾಗದ ರಾಜ್ಯ, ಅಂದರೆ ಕೇಂದ್ರದ ಉಸ್ತುವಾರಿಯಲ್ಲಿದ್ದ ರಾಜ್ಯ. 1952ರ ಚುನಾವಣೆ ಆದ ಮೇಲೆ 24 ಜನರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಅವರು ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಈಗ 224 ಜನರ ವಿಧಾನಸಭೆಯಲ್ಲಿ ನಮಗೆ ಎರಡು ಕ್ಷೇತ್ರ, ಮಡಿಕೇರಿ ಮತ್ತು ವಿರಾಜಪೇಟೆ.

ಒಂದು ರಾಜ್ಯವನ್ನು ಇನ್ನೊಂದಕ್ಕೆ ಸೇರಿಸುವ ಅಧಿಕಾರ ಯಾರಿಗೆ? ಮತ್ತೆ ಏಣಿ ಹಾಕಿಸಿ. 3ನೇ ವಿಧಿ ಅದನ್ನು ಸಂಸತ್ತಿಗೆ ಕೊಟ್ಟಿದೆ. ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಲೇಬೇಕು ಎಂದಿಲ್ಲ. ಸೇರಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಮನೆಗಳಲ್ಲಿ ಇವತ್ತಿಗೂ ಇದೆ. ಕ್ಲಾಸಿನಲ್ಲಿ ಎರಡೂ ಕಡೆಗೆ ತಲಾ ಐದು ನಿಮಿಷ ಕೊಡಿ. ನಿಮ್ಮ ಅಭಿಪ್ರಾಯ ಮಕ್ಕಳು ಕೇಳಿದರೂ ಹೇಳಬೇಡಿ.

ಬಿಸಿ ವಿಷಯ ಬಂದಾಗ

ಕೋವಿಯ ವಿಷಯ ಬಂದೇ ಬರುತ್ತದೆ, ಅದರಲ್ಲೂ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಇದ್ದರೆ. “ಎಲ್ಲರೂ ಸಮಾನ ಅಂದ್ರಿ, ಮತ್ತೆ ಅವರ ಮನೆಗೆ ಮಾತ್ರ ಲೈಸೆನ್ಸ್ ಯಾಕೆ ಬೇಡ?” ಒಳ್ಳೆಯ ಪ್ರಶ್ನೆ, ತಪ್ಪಿಸಿಕೊಳ್ಳಬೇಡಿ. ಮೊದಲು ಏಣಿ: 1959ರ ಶಸ್ತ್ರಾಸ್ತ್ರ ಕಾಯ್ದೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದರಡಿ ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ವಿನಾಯಿತಿ ಇದೆ. 2019ರ ಅಧಿಸೂಚನೆ ಅದನ್ನು 2029ರವರೆಗೆ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧ ಎಂದು ಒಬ್ಬರು ಹೈಕೋರ್ಟಿಗೆ ಹೋದರು. 2021ರಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಮಕ್ಕಳಿಗೆ ತಿಳಿಯಬೇಕಾದ ಅಂಶ ಇಷ್ಟು. ಕಾನೂನು ಕೆಲವೊಮ್ಮೆ ಜನರನ್ನು ಗುಂಪು ಮಾಡುತ್ತದೆ. ಹಾಗೆ ಮಾಡಲು ಒಪ್ಪುವಂಥ ಕಾರಣ ಬೇಕು. ಆ ಕಾರಣ ಸರಿ ಇದೆಯಾ ಎಂದು ಕೋರ್ಟ್ ನೋಡುತ್ತದೆ. ಅರ್ಜಿ ಹಾಕಿದವರನ್ನು ಬೈಯುವ ಮಾತು ಬಂದರೆ ಅಲ್ಲೇ ತಡೆಯಿರಿ. ಪ್ರಶ್ನೆ ಕೇಳುವುದು ಅವರ ಹಕ್ಕು.

ಹಂತ 6: ಕೋರ್ಟ್ (1 ಪೀರಿಯಡ್, ಸಾಧ್ಯವಾದರೆ ಒಂದು ಭೇಟಿ)

ತೆರೆದ ನ್ಯಾಯಾಲಯದಲ್ಲಿ ಯಾರು ಬೇಕಾದರೂ ಕೂತು ಕೇಳಬಹುದು, ಆದರೆ ಮಕ್ಕಳ ದಂಡು ಕಟ್ಟಿಕೊಂಡು ಹೇಳದೆ ಕೇಳದೆ ಹೋಗಬೇಡಿ. ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಎಚ್‌ಎಂ ಸಹಿ ಇರುವ ಒಂದು ಪತ್ರ ಬರೆಯಿರಿ. ಭೇಟಿ ಆಗದಿದ್ದರೆ ವಕೀಲರೊಬ್ಬರನ್ನು ಶಾಲೆಗೇ ಕಳಿಸಲು ಕೇಳಿ. ಬಡವರಿಗೆ, ಹೆಂಗಸರಿಗೆ, ಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುವುದೂ ಇದೇ ಪ್ರಾಧಿಕಾರ. ಮಕ್ಕಳ ಸಹಾಯವಾಣಿ 1098ನ್ನು ಅವತ್ತೇ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆಸಿ.

ಹಂತ 7: ಪಂಚಾಯ್ತಿಗೆ ಒಂದು ಅರ್ಜಿ (3 ಪೀರಿಯಡ್)

1992ರ 73ನೇ ತಿದ್ದುಪಡಿ ಪಂಚಾಯ್ತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟಿತು. ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿ ಕೆಲಸಕ್ಕೆ ಇಳಿಯಿರಿ. ಕರ್ನಾಟಕದ ಪಂಚಾಯ್ತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ತಾರೀಕನ್ನು ಪಿಡಿಒ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಬರೀ ಹಾಡು, ಭಾಷಣ, ಬಿಸ್ಕತ್ತಿನಲ್ಲಿ ಸಭೆ ಮುಗಿಯುವುದೂ ಉಂಟು. ಮಕ್ಕಳ ಕೈಯಲ್ಲಿ ಲಿಖಿತ ಅರ್ಜಿ ಇದ್ದರೆ ಹಾಗಾಗುವುದಿಲ್ಲ.

ನಮ್ಮವರು ಮೊದಲು ಬರೆದದ್ದು: “ಮಾನ್ಯರೇ, ನಮ್ಮ ಊರಿನಲ್ಲಿ ತುಂಬಾ ತೊಂದರೆ ಇದೆ. ದಯವಿಟ್ಟು ಸರಿ ಮಾಡಿ.” ಯಾರು ಏನು ಮಾಡಬೇಕು ಎಂದು ಅದರಲ್ಲಿ ಇಲ್ಲವೇ ಇಲ್ಲ. ಜಾಗಕ್ಕೆ ಹೋಗಿ ನೋಡಿಕೊಂಡು ಬನ್ನಿ ಎಂದು ಕಳಿಸಿದೆ. ತಿದ್ದಿ ತಂದದ್ದು: “ಶಾಲೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ತೋಡಿಗೆ ಹಾಕಿದ ಅಡಿಕೆ ಮರದ ಸಂಕ ಕೊಳೆತಿದೆ. ದಿನಾ 14 ಮಕ್ಕಳು ಇದರ ಮೇಲೆ ದಾಟುತ್ತೇವೆ. ಮಳೆಗೆ ಮೊದಲು ಕಾಂಕ್ರೀಟ್ ಸಂಕ ಹಾಕಬೇಕು ಎಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಬೇಕಾಗಿ ಕೋರಿಕೆ. ಆಗದಿದ್ದರೆ ಕಾರಣವನ್ನು ಬರೆದು ತಿಳಿಸಬೇಕು.” ಕೊನೆಯ ಸಾಲನ್ನು ಸೇರಿಸಿದ್ದು ಕೊಡೆ ಕೋರ್ಟಿನಲ್ಲಿ ಒಪ್ಪದೆ ಕೂತಿದ್ದ ಅದೇ ಹುಡುಗಿ.

ಅರ್ಜಿ ಎರಡು ಪ್ರತಿ ಮಾಡಿಸಿ. ಒಂದಕ್ಕೆ ಸ್ವೀಕೃತಿಯ ಸೀಲು, ತಾರೀಕು ಹಾಕಿಸಿಕೊಂಡು ಬರಬೇಕು. ಉತ್ತರ ಬರದಿದ್ದರೆ ದೊಡ್ಡವರೊಬ್ಬರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ಸಂಕಕ್ಕೆ ಆ ವರ್ಷ ಕಾಂಕ್ರೀಟ್ ಬರಲಿಲ್ಲ, ಹೊಸ ಮರ ಮತ್ತು ಕೈಹಿಡಿ ಬಂತು. ಅರ್ಧ ಗೆಲುವು ಅಂದುಕೊಂಡೆವು.

ಪರೀಕ್ಷೆ ಹೇಗೆ ಮಾಡಬೇಕು

ವಿಧಿಯ ನಂಬರ್ ಕೇಳಬೇಡಿ. ಪುಸ್ತಕ ಪಕ್ಕದಲ್ಲೇ ಇರಲಿ. ನಾನು ಕೊಡುವ ಪ್ರಶ್ನೆಗಳು ಈ ಥರ: “ಪಂಚಾಯ್ತಿಯವರು ನಿಮ್ಮ ಊರಿನವರು ಬೇರೆ ಊರಿಗೆ ಹೋಗಲು ಅನುಮತಿ ಬೇಕು ಎಂದು ನಿಯಮ ಮಾಡಿದರೆ ಏನು ಮಾಡುತ್ತೀರಿ?” “ಈ ವಾಟ್ಸಾಪ್ ರಜೆ ಆದೇಶ ಅಸಲಿಯೋ ನಕಲಿಯೋ, ಹೇಗೆ ಪತ್ತೆ ಮಾಡುತ್ತೀರಿ?” ಎರಡನೆಯದಕ್ಕೆ ಆದೇಶದ ಸಂಖ್ಯೆ, ತಾರೀಕು, ಸಹಿ, ಕಾಯ್ದೆಯ ಹೆಸರು ನೋಡುತ್ತೇವೆ ಎಂದು ಬರೆದವರಿಗೆ ಪೂರ್ತಿ ಅಂಕ. ಒಬ್ಬ “ನಮ್ಮ ಅಮ್ಮನಿಗೆ ಕೇಳುತ್ತೇನೆ” ಎಂದು ಬರೆದಿದ್ದ. ಅವನಿಗೂ ಅರ್ಧ ಅಂಕ ಕೊಟ್ಟೆ.

ಯಾವಾಗ ಮಾಡಬೇಕು

ಏಣಿ ಮತ್ತು ಕೊಡೆ ಕಾನೂನು ಮಳೆಗಾಲದಲ್ಲೇ ಆಗಬೇಕು. ಬೇಸಿಗೆಯಲ್ಲಿ ಕೊಡೆ ಜಗಳ ಹುಟ್ಟುವುದಿಲ್ಲ. ದಸರಾ ರಜೆ ಮುಗಿದ ಮೇಲೆ ಹಕ್ಕುಗಳು ಮತ್ತು ಪಟ್ಟಿಗಳು. ನವೆಂಬರ್ 1ಕ್ಕೆ ಕೊಡಗು ರಾಜ್ಯದ ಪಾಠ ಸರಿಯಾಗಿ ಹೊಂದುತ್ತದೆ. ನವೆಂಬರ್ 26 ಸಂವಿಧಾನ ದಿನ, ಅಷ್ಟರೊಳಗೆ ಪಂಚಾಯ್ತಿ ಅರ್ಜಿ ಕೊಟ್ಟಾಗಿರಲಿ. ಡಿಸೆಂಬರ್‌ಗೆ ತಳ್ಳಬೇಡಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಬರುತ್ತದೆ, ಅದರ ಹಿಂದೆಯೇ ಕಾಫಿ ಕುಯ್ಲು ಜೋರಾಗುತ್ತದೆ. ಆಗ ಲೈನ್ ಮನೆಯ ಎಷ್ಟೋ ಮಕ್ಕಳು ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ. ಹಾಗೆ ಉಳಿದವರ ಹೆಸರನ್ನು ಹಾಜರಿಯಲ್ಲಿ ಗುರುತು ಮಾಡಿಕೊಂಡು, 21ಎ ಪುಟ ಹಿಡಿದುಕೊಂಡು ಒಂದು ಸಂಜೆ ಅವರ ಮನೆ ಕಡೆ ಹೋಗಿ ಬನ್ನಿ.